ದಶಮಾಂಶ ಕೊಟ್ಟರೂ ಮನಸ್ಸಿಗೆ ಬೇಸರ ಯಾಕೆ?

ತಪ್ಪದೆ ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಚರ್ಚಿಗೆ ಕೊಟ್ಟು, ಮಕ್ಕಳಿಗೆ ಬೈಬಲ್ ಕಲಿಸುವ ಸಂಡೇ ಸ್ಕೂಲೂ ನಡೆಸಿ ಬೇಸರವೇ ಉಳಿಯುತ್ತಿದೆ ಅಂದಿರಲ್ಲ, ಅದಕ್ಕೆ ಕಾರಣ ಬಹುಶಃ ಕೊಡುವಾಗ ಇಟ್ಟುಕೊಂಡ ನಿರೀಕ್ಷೆ. ಬೈಬಲಿನ ಮಲಾಕಿಯ 3:10 ತೋರಿಸಿ 'ಕೊಟ್ಟರೆ ದುಪ್ಪಟ್ಟು ಬರುತ್ತೆ' ಅನ್ನುವ ಚರ್ಚುಗಳಲ್ಲಿ ಇದು ಜಾಸ್ತಿ. ದಶಮಾಂಶ ತನ್ನಿ ಅನ್ನುವ ಆ ವಚನ ಇಡೀ ಇಸ್ರಾಯೇಲ್ ಜನಾಂಗಕ್ಕೆ, ದೇವಾಲಯದ ಉಗ್ರಾಣ ತುಂಬಲಿ ಅಂತ ಹೇಳಿದ್ದು. ಹೊಸ ಒಡಂಬಡಿಕೆಯ 2 ಕೊರಿಂಥ 9:7ರಲ್ಲಿ ಅಪೊಸ್ತಲ ಪೌಲನು ಶೇಕಡಾ ಲೆಕ್ಕವನ್ನೇ ಎತ್ತುವುದಿಲ್ಲ. ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು, ಒತ್ತಾಯವಿಲ್ಲದೆ ಕೊಡಿ ಅನ್ನುತ್ತಾನೆ.

ಮೊದಲು, ಯಾರಿಗೂ ಗೊತ್ತಾಗದಿದ್ದರೆ ಎಷ್ಟು ಕೊಡುತ್ತಿದ್ದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಅಷ್ಟನ್ನೇ ಕೆಲವು ತಿಂಗಳು ಹೆಸರು ಬರೆಯದೆ ಕಾಣಿಕೆಗೆ ಹಾಕಿ. ಆಮೇಲೆ ಸಂಡೇ ಸ್ಕೂಲಿಗೆ ಇನ್ನೊಬ್ಬರನ್ನು ಜೊತೆ ಮಾಡಿಕೊಂಡು ವಾರ ಬಿಟ್ಟು ವಾರ ಹೋಗಿ. ಸುಸ್ತಾದರೂ ಹೀಗೇ ಅನಿಸುತ್ತದೆ, ಅಲ್ವಾ? ಹಣ ಎಲ್ಲಿ ಹೋಗುತ್ತಿದೆ ಅನ್ನುವ ಅನುಮಾನವೂ ಇದ್ದರೆ ಅದು ಬೇರೆ ವಿಷಯ. ಸುಮ್ನೆ ಒಳಗೇ ಇಟ್ಟುಕೊಳ್ಳಬೇಡಿ, ಚರ್ಚಿನ ಖಜಾಂಚಿಯ ಹತ್ತಿರ ವರ್ಷದ ಲೆಕ್ಕ ಕೇಳಿ.