ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ಮೊದಲು ಕಲಿಸಿ

ಪ್ರಶ್ನೆ: ನಾನು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿ. ಗಾಬರಿ ಜಾಸ್ತಿ ಇರುವವರಿಗೆ ‘ಕಣ್ಣು ಮುಚ್ಚಿ, ಜೋರಾಗಿ ಉಸಿರು ಎಳೆದುಕೊಳ್ಳಿ’ ಎಂದು ಹೇಳಿಕೊಡುತ್ತೇನೆ. ಹಲವರಿಗೆ ಹಾಯೆನಿಸುತ್ತದೆ. ಆದರೆ ಮೊನ್ನೆ ಒಬ್ಬ ವಿದ್ಯಾರ್ಥಿನಿಗೆ ತಲೆ ಸುತ್ತಿ, ಬೆರಳು ಜುಮ್ಮೆಂದು, ಗಾಬರಿ ಇನ್ನೂ ಹೆಚ್ಚಾಯಿತು. ಇದನ್ನು ಮುಂದುವರಿಸಬಹುದೇ?

ಉತ್ತರ: ಮುಂದುವರಿಸಿ, ಆದರೆ ಹೇಳಿಕೊಡುವ ರೀತಿ ಬದಲಿಸಿ.

ಗಾಬರಿಯಾದವರು ಅದಾಗಲೇ ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತಿರುತ್ತಾರೆ. ಜೋರಾಗಿ ಎಳೆಯಿರಿ ಅಂದರೆ ಅದು ಇನ್ನೂ ಹೆಚ್ಚುತ್ತದೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಸುತ್ತುವುದು, ಬೆರಳು, ತುಟಿ ಜುಮ್ಮೆನ್ನುವುದು ಇದರಿಂದಲೇ. ಗಾಳಿ ಸಾಕಷ್ಟಿದ್ದರೂ ಸಾಲುತ್ತಿಲ್ಲ ಅನಿಸುತ್ತದೆ. ಆ ಹುಡುಗಿಗೆ ಇದನ್ನು ಬಿಡಿಸಿ ಹೇಳಿ. ಯಾಕೆ ಹಾಗಾಯಿತು ಅಂತ ತಿಳಿದರೇ ಅರ್ಧ ಭಯ ಇಳಿಯುತ್ತದೆ.

ಮುಂದಿನ ಸಲ ಉಸಿರು ಬಿಡುವುದರಿಂದ ಶುರು ಮಾಡಿ. ಬಿಸಿ ಕಾಫಿ ಆರಿಸುವಾಗ ಊದುವಂತೆ, ತುಟಿ ಕಿರಿದು ಮಾಡಿ ನಿಧಾನಕ್ಕೆ ಬಿಡಲಿ. ಆಮೇಲೆ ಮೂಗಿನಿಂದ ಎಂದಿನಷ್ಟೇ ಎಳೆದುಕೊಳ್ಳಲಿ. ಎಳೆಯುವಾಗ 3 ಎಣಿಸಿದರೆ ಬಿಡುವಾಗ 5. ಎಣಿಸುವುದೇ ಕಷ್ಟವಾದರೆ ಎಣಿಕೆ ಬೇಡ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದವಿರಬೇಕು. ಸುಮ್ಮನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅಭ್ಯಾಸದಲ್ಲಿ ಅದನ್ನು 6ರ ಹತ್ತಿರ ತರಬಹುದು, ಮೊದಲ ದಿನವೇ ಬೇಡ. ನೀವೂ ಜೊತೆಯಲ್ಲೇ ಮಾಡಿ. ಸುಮ್ನೆ ನೋಡುತ್ತಾ ಕೂತರೆ ಅವರಿಗೆ ಪರೀಕ್ಷೆ ಬರೆದಂತಾಗುತ್ತದೆ.

ಕಣ್ಣು ಮುಚ್ಚಲೇಬೇಕೆಂದಿಲ್ಲ. ಹಿಂಸೆ ಅನುಭವಿಸಿದವರಿಗೆ, ನೀರಿನಲ್ಲಿ ಮುಳುಗಿ ಬದುಕಿದವರಿಗೆ, ಅಸ್ತಮಾ ಇರುವವರಿಗೆ ಉಸಿರಿನ ಕಡೆ ಗಮನ ಕೊಡುವುದೇ ಭಯ ತರಬಹುದು. ಅಂಥವರಿಗೆ ಉಸಿರಿನ ಮಾತೇ ಬೇಡ. ಪಾದ ನೆಲಕ್ಕೆ ಒತ್ತಿ, ಕಿಟಕಿಯಾಚೆ ಗಿರಿ ಕಂಡರೆ ಅಲ್ಲಿ ಮೋಡ ಇದೆಯಾ, ಬಿಸಿಲಿದೆಯಾ ಅಂತ ಹೇಳಲಿ, ಸಾಕು.

ಯೋಗ ತರಗತಿಯಲ್ಲಿ ಕಪಾಲಭಾತಿ, ಭಸ್ತ್ರಿಕಾ ಕಲಿತವರು ಗಾಬರಿಯಾದಾಗ ಅದನ್ನೇ ಮಾಡಲು ನೋಡುತ್ತಾರೆ. ಆ ಹೊತ್ತಿಗೆ ವೇಗದ ಉಸಿರಾಟ ಬೇಡವೇ ಬೇಡ. ಗರ್ಭಿಣಿಯರು, ಬಿಪಿ ಅಥವಾ ಹೃದಯದ ತೊಂದರೆ ಇರುವವರು ಉಸಿರು ಹಿಡಿದಿಡುವುದೂ ಬೇಡ.

ನನಗೆ ತುಂಬಾ ಮುಖ್ಯ ಅನಿಸುವುದು ಇದು. ದಿನಕ್ಕೆ ಎರಡು ಹೊತ್ತು, ಮನಸ್ಸು ನೆಮ್ಮದಿಯಾಗಿದ್ದಾಗ ಐದು ನಿಮಿಷ ಅಭ್ಯಾಸ ಮಾಡಿಸಿ. ಗಾಬರಿ ಬಂದಾಗ ಮಾತ್ರ ನೆನಪಾದರೆ ಅದು ಒದಗುವುದಿಲ್ಲ. ಇನ್ನೊಂದು ಕಡೆ, ‘ಉಸಿರಾಟದ ಅಭ್ಯಾಸ ಮಾಡದೆ ರಶ್ ಇರುವ ಬಸ್ ಹತ್ತಲಾರೆ’ ಎಂಬ ಸ್ಥಿತಿಗೂ ಬರಬಾರದು. ಪ್ಯಾನಿಕ್ ಇರುವವರು ಕಲಿಯಬೇಕಾದ್ದು, ಭಯ ಏರುತ್ತದೆ, ತಡೆಯದಿದ್ದರೂ ತಾನಾಗಿ ಇಳಿಯುತ್ತದೆ ಅನ್ನುವುದನ್ನು. ಹಾಗಾಗಿ ಕೆಲವು ವಾರಗಳಾದ ಮೇಲೆ, ಒಂದೆರಡು ಸ್ಟಾಪ್‌ವರೆಗೆ ಅಭ್ಯಾಸ ಮಾಡದೆಯೇ ಹೋಗಿಬರಲು ಹೇಳಿ.

ಎದೆನೋವು, ಉಸಿರು ಕಟ್ಟುವುದು ಹೊಸದಾಗಿ ಶುರುವಾಗಿದ್ದರೆ ಮೊದಲು ಡಾಕ್ಟರ ಹತ್ತಿರ ಕಳಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಎದೆ ಹೊಡೆದುಕೊಳ್ಳುತ್ತದೆ. ದಿನಕ್ಕೆ ಎಷ್ಟು ಕಾಫಿ ಅಂತಲೂ ಕೇಳಿ, ನಮ್ಮ ಜಿಲ್ಲೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಅಲ್ವಾ! ರಾತ್ರಿ ಹಾಸ್ಟೆಲಿನಲ್ಲಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ವಿದ್ಯಾರ್ಥಿಗಳಿಗೆ ತಿಳಿಸಿಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.