ಖಾಲಿ ಫಾರ್ಮಿಗೆ ಸಹಿ ತಗೊಂಡು ಗಾಡಿ ಮಾರಬೇಡಿ

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹಳೇ ಕಾರಿನ ಧಂದೆ ಬಗ್ಗೆ ಪತ್ರಗಳು ಬರತೊಡಗುತ್ತವೆ. ಎಂಜಿನ್ ನೋಡುವುದು, ಟೆಸ್ಟ್ ಡ್ರೈವ್ ಮಾಡುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಮೊದಲು ಒಂದು ಗ್ಯಾರೇಜಿನಲ್ಲಿ ವರ್ಷ ಕೆಲಸ ಮಾಡಿ ಬರಲಿ. ಪದೇ ಪದೇ ಬರುವ, ಪ್ರತಿ ಸಲ ನನ್ನ ತಾಳ್ಮೆ ಕೆಡಿಸುವ ಪ್ರಶ್ನೆಯೊಂದಿದೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಸರ, ಗಾಡಿ ನಮ್ಮ ಹೆಸರಿಗಿ ಮಾಡ್ಕೊಂಡ್ರ ಓನರ್ ಸೀರಿಯಲ್ ಹೆಚ್ಚಾಗ್ತದ, ರೇಟ್ ಬೀಳ್ತದ. 29, 30 ಫಾರ್ಮಿಗಿ ಸಹಿ ತಗೊಂಡು ಖಾಲಿ ಇಟ್ಕೊಂಡು, ಗಿರಾಕಿ ಸಿಕ್ಕಾಗ ಸೀದಾ ಅವರ ಹೆಸರಿಗಿ ಮಾಡಿಸಿದ್ರ ನಡೀತದಲ್ಲ? — ಜೇವರ್ಗಿಯ ಓದುಗರು

ನಡೆಯುವುದಿಲ್ಲ. ಎಲ್ಲರೂ ಹೀಗೇ ಮಾಡ್ತಾರೆ ಅನ್ನುವ ಮಾತನ್ನು ದಯವಿಟ್ಟು ನನಗೆ ಬರೆಯಬೇಡಿ.

ಓನರ್ ಸೀರಿಯಲ್ ಎಂದರೆ ಗಾಡಿ ಎಷ್ಟನೇ ಮಾಲೀಕರ ಹೆಸರಿನಲ್ಲಿದೆ ಎನ್ನುವ ಲೆಕ್ಕ. 29 ಎಂದರೆ ಗಾಡಿ ಮಾರಿದ್ದೇವೆ ಎಂದು ಆರ್‌ಟಿಒಗೆ ತಿಳಿಸುವ ಫಾರ್ಮ್, 30 ಎಂದರೆ ಹೆಸರು ಬದಲಿಸಲು ಹಾಕುವ ಅರ್ಜಿ. ನೀವು ಜೇವರ್ಗಿಯ ಒಬ್ಬ ರೈತರಿಂದ ಗಾಡಿ ತಗೊಂಡಿರಿ ಅನ್ನಿ. ಅವರು ರೊಕ್ಕ ಎಣಿಸಿಕೊಂಡು, ಏಜೆಂಟ್ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಿ ಹೋದರು. ಕೊಳ್ಳುವವರ ಹೆಸರಿನ ಜಾಗವೂ ಖಾಲಿ, ತಾರೀಖಿನ ಜಾಗವೂ ಖಾಲಿ. ಗಾಡಿ ನಿಮ್ಮಿಂದ ಶಹಾಪುರದ ಇನ್ನೊಬ್ಬ ವ್ಯಾಪಾರಿಗೆ, ಅಲ್ಲಿಂದ ಮತ್ತೊಬ್ಬರಿಗೆ ಹೋಯಿತು. ಆರ್‌ಸಿಯಲ್ಲಿ ಮಾತ್ರ ಇನ್ನೂ ಅದೇ ರೈತರ ಹೆಸರು. ರಾತ್ರಿ ಹೆದ್ದಾರಿಯಲ್ಲಿ ಅಪಘಾತವಾಗಿ ಒಬ್ಬರು ಸತ್ತರೆ ಪರಿಹಾರದ ನೋಟಿಸ್ ಯಾರ ಮನೆಗೆ ಬರುತ್ತದೆ? ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆ ಹೊತ್ತಿಗೆ ಇನ್ಶೂರೆನ್ಸ್ ಮುಗಿದಿದ್ದರೆ ರೈತರ ಹೊಲಕ್ಕೇ ಕುತ್ತು. ಇಂಥ ನೋಟಿಸ್ ಹಿಡಿದುಕೊಂಡು, ಗಾಡಿ ಈಗ ಯಾರ ಹತ್ತಿರ ಇದೆ ಎಂದೇ ತಿಳಿಯದೆ ಬರುವವರನ್ನು ನೋಡಿದರೆ ಸಿಟ್ಟು ಬರುತ್ತದೆ, ಸಂಕಟವೂ ಆಗುತ್ತದೆ.

ಬಾಂಡ್ ಪೇಪರ್ ಮೇಲೆ "ಇಂದಿನಿಂದ ಎಲ್ಲ ಜವಾಬ್ದಾರಿ ಕೊಂಡವರದು" ಎಂದು ಬರೆಸಿ, ನೋಟರಿ ಸೀಲು ಹಾಕಿಸಿ, ಇನ್ನು ನಿಶ್ಚಿಂತೆಯಿಂದಿರಿ ಎಂದು ಕಳಿಸುವ ಏಜೆಂಟರಿದ್ದಾರೆ. ಆ ಕಾಗದ ನಿಮ್ಮಿಬ್ಬರ ನಡುವಿನ ಜಗಳಕ್ಕೆ ಉಪಯೋಗಕ್ಕೆ ಬಂದೀತು. ಅಪಘಾತದಲ್ಲಿ ಸತ್ತವರ ಮನೆಯವರನ್ನು ಅದು ಕಟ್ಟಿಹಾಕುವುದಿಲ್ಲ. ಇದನ್ನು ಹೇಳದೆ ಫೀಸು ತಗೊಳ್ಳುವವರು ಮೋಸಗಾರರು.

ವ್ಯಾಪಾರದ ಲೆಕ್ಕದಲ್ಲೂ ಇದು ದಡ್ಡತನ. ಸಹಿ ಹಾಕಿದವರು ತೀರಿಕೊಂಡರೆ ಆ 29, 30 ಫಾರ್ಮಿಗೆ ಬೆಲೆಯಿಲ್ಲ. ವಾರಸುದಾರರು 31ನೇ ಫಾರ್ಮ್ ಹಾಕಿ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವ ತನಕ ನಿಮ್ಮ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ಇನ್ನು ಅರ್ಜಿ ಆನ್‌ಲೈನ್ ಹಾಕುವಾಗ ಒಟಿಪಿ ಹೋಗುವುದು ಹಳೇ ಮಾಲೀಕರ ಮೊಬೈಲಿಗೆ. ಆರು ತಿಂಗಳ ಮೇಲೆ ಫೋನ್ ಹಚ್ಚಿದರೆ ಅವರು ನಂಬರ್ ಬದಲಿಸಿರುತ್ತಾರೆ, ಇಲ್ಲವೇ ಇನ್ನಷ್ಟು ರೊಕ್ಕ ಕೇಳುತ್ತಾರೆ.

ಇನ್ಶೂರೆನ್ಸ್ ಕಡೆಯೂ ನೋಡಿ. ಮಾರಾಟವಾದ 14 ದಿನದೊಳಗೆ ಪಾಲಿಸಿಯನ್ನು ಹೊಸಬರ ಹೆಸರಿಗೆ ಮಾಡಿಸಬೇಕು. ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಸಿಗುವ ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆ ಹೋಗುತ್ತದೆ, ಗಾಡಿಗೇ ಆದ ಡ್ಯಾಮೇಜಿನ ಕ್ಲೇಮು ಹಾಗೆ ತಾನಾಗಿ ಹೋಗುವುದಿಲ್ಲ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂತೂ ಹಳೇ ಮಾಲೀಕರದು. ಅದನ್ನೂ ಗಿರಾಕಿಗೆ ಲಾಭವೆಂದು ತೋರಿಸಿ ರೇಟ್ ಏರಿಸುವವರು ಸುಳ್ಳು ಹೇಳುತ್ತಿದ್ದಾರೆ.

ಸೀರಿಯಲ್ ಹೆಚ್ಚಾಗಬಾರದು ಎನ್ನುವ ನಿಮ್ಮ ಚಿಂತೆ ನ್ಯಾಯವಾದದ್ದೇ. ಅದಕ್ಕೆ ದಾರಿ 2023ರ ಏಪ್ರಿಲ್ 1ರಿಂದಲೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಹಳೇ ಗಾಡಿ ಡೀಲರ್‌ಗಳಿಗಾಗಿಯೇ ತಿದ್ದುಪಡಿ ಬಂದಿದೆ. 29ಎ ಫಾರ್ಮಿನಲ್ಲಿ ಅರ್ಜಿ ಹಾಕಿದರೆ ನೋಂದಣಿ ಪ್ರಾಧಿಕಾರ 29ಬಿ ಎಂಬ ಅಧಿಕಾರ ಪತ್ರ ಕೊಡುತ್ತದೆ. ಅದು ಐದು ವರ್ಷ ನಡೆಯುತ್ತದೆ. ಆಮೇಲೆ ಯಾರಾದರೂ ನಿಮಗೆ ಗಾಡಿ ಒಪ್ಪಿಸಿದಾಗ 29ಸಿ ಫಾರ್ಮಿನಲ್ಲಿ ತಿಳಿಸಿದರೆ ಆಯಿತು, ನಿಮ್ಮ ವಶದಲ್ಲಿರುವ ತನಕ ಕಾನೂನು ನಿಮ್ಮನ್ನೇ ಮಾಲೀಕರೆಂದು ಎಣಿಸುತ್ತದೆ. ಎನ್‌ಒಸಿ (ಆಕ್ಷೇಪಣೆ ಇಲ್ಲ ಎನ್ನುವ ಪತ್ರ), ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಪ್ರಮಾಣಪತ್ರ), ವರ್ಗಾವಣೆಯ ಅರ್ಜಿಗಳನ್ನು ನೀವೇ ಹಾಕಬಹುದು. ಮಾರಿದ ರೈತರಿಗೂ ನೆಮ್ಮದಿ. ಬದಲಿಗೆ ಪ್ರತಿ ಗಾಡಿಯ ಓಡಾಟದ ರಿಜಿಸ್ಟರ್ ಇಡಬೇಕು. ಟ್ರಯಲ್, ರಿಪೇರಿ, ಪೇಂಟಿಂಗ್, ತಪಾಸಣೆ ಇಂಥ ಕೆಲಸಕ್ಕೆ ಬಿಟ್ಟು ಬೇರೆ ಕಡೆ ಓಡಿಸುವಂತಿಲ್ಲ.

ಇಷ್ಟೆಲ್ಲ ಈಗಲೇ ಆಗದು ಅಂದರೆ, ಮೊದಲ ವರ್ಷ ಕಮಿಷನ್ ಮೇಲೆ ಮಾತ್ರ ಮಾಡಿ. ಮಾರುವವರನ್ನೂ ಕೊಳ್ಳುವವರನ್ನೂ ಎದುರುಬದುರು ಕೂರಿಸಿ. ಫಾರ್ಮಿನಲ್ಲಿ ಹೆಸರು, ತಾರೀಖು ಪೂರ್ತಿ ತುಂಬಿದ ಮೇಲೇ ಸಹಿ, ಅಲ್ಲೇ ಒಟಿಪಿ. ಸಾಲದ ಗಾಡಿಯಾದರೆ ಸಾಲ ತೀರಿದ್ದನ್ನು ತಿಳಿಸುವ 35ನೇ ಫಾರ್ಮ್ ಮತ್ತು ಬ್ಯಾಂಕಿನ ಎನ್‌ಒಸಿ ಕಣ್ಣಾರೆ ಕಂಡ ಮೇಲೇ ಮಾತು. ಮಾರುವವರು ಅದೇ ರಾಜ್ಯದೊಳಗಾದರೆ 14 ದಿನ, ಹೊರ ರಾಜ್ಯಕ್ಕಾದರೆ 45 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಕೊಂಡವರ ಹೆಸರಿಗೆ ಆರ್‌ಸಿ ಬರುವ ತನಕ ಒಂದಷ್ಟು ಹಣ ತಡೆದಿಟ್ಟುಕೊಳ್ಳಿ.

ಹೈದರಾಬಾದಿನಿಂದ ಅಗ್ಗದ ಗಾಡಿ ತಂದು ಹುಮನಾಬಾದಿನಲ್ಲಿ ಮಾರಿದರೆ ಒಳ್ಳೆ ಲಾಭ ಅಂತಾರೆ, ಹೌದಾ? — ಬೀದರ್ ಜಿಲ್ಲೆಯ ಓದುಗರು

ಯಾರು ಅಂತಾರೆ? ತೆರಿಗೆ ಕಟ್ಟದೆ ಮಾರಿ ಕೈತೊಳೆದುಕೊಳ್ಳುವವರು. ಅಲ್ಲಿಂದ 28ನೇ ಫಾರ್ಮಿನ ಎನ್‌ಒಸಿ ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ಹೊಸ ಕಾರಿಗೆ ನಮ್ಮಲ್ಲಿ ಬೆಲೆ ನೋಡಿ 13ರಿಂದ 18%. ಹಳೆಯದಕ್ಕೆ ಕಡಿಮೆಯಾದರೂ ನಿಮ್ಮ ಲಾಭ ನುಂಗುವಷ್ಟು ಇರುತ್ತದೆ. "ಹಳೇ ರಾಜ್ಯದ ನಂಬರ್ ಮ್ಯಾಲೇ 12 ತಿಂಗಳು ಹಂಗೇ ಓಡಿಸ್ರಿ" ಎಂದು ಗಿರಾಕಿಗೆ ಹೇಳುವುದೆಂದರೆ ನಿಮ್ಮ ಹೊರೆಯನ್ನು ಅವರ ತಲೆಗೆ ಹಾಕುವುದು.

ಇನ್ನೊಂದು ಮಾತು. 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನಲ್ಲಿ ಗಾಡಿಗಳು ಮುಳುಗಿದ್ದವು, ಅದೇ ತಿಂಗಳು ನಮ್ಮ ಭೀಮಾ ತೀರವೂ ಮುಳುಗಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸದಾ ಒಳಗೇ ಸುತ್ತಿಕೊಂಡಿರುವ ಆ ಕೊನೆಯ ಗೇಣು ಪಟ್ಟಿಯಲ್ಲಿ ಕೆಸರಿನ ಗೆರೆ ಕಂಡರೆ, ಸೀಟಿನ ಕೆಳಗಿನ ಹಳಿಗೆ ತುಕ್ಕು ಹಿಡಿದಿದ್ದರೆ, ಪಾಲಿಶ್ ಎಷ್ಟೇ ಮಿಂಚಲಿ, ಎದ್ದು ಬನ್ನಿ.

ಜಿಎಸ್‌ಟಿ ಪೂರ್ತಿ ಬೆಲೆ ಮೇಲಾ?

ಅಲ್ಲ. ನೋಂದಣಿಯಾದ ವ್ಯಾಪಾರಿಗೆ ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ವ್ಯತ್ಯಾಸದ ಮೇಲೆ 18%. 3,00,000ಕ್ಕೆ ಕೊಂಡು 3,40,000ಕ್ಕೆ ಮಾರಿದರೆ 40,000ದ ಮೇಲೆ 7,200 ರೂಪಾಯಿ. ನಷ್ಟಕ್ಕೆ ಮಾರಿದರೆ ತೆರಿಗೆ ಇಲ್ಲ. ಟೈರ್, ಪೇಂಟಿಂಗ್ ಖರ್ಚನ್ನು ಕೊಂಡ ಬೆಲೆಗೆ ಸೇರಿಸಲು ಬರುವುದಿಲ್ಲ, ಗಾಡಿ ತಗೊಳ್ಳುವಾಗಲೇ ಅದನ್ನು ಲೆಕ್ಕ ಹಾಕಿ.

ಎಲ್ಲ ನಗದಿನಲ್ಲೇ ಮಾಡಬಹುದಾ?

ಬೇಡ. ಒಂದು ಗಾಡಿಯ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಮೂರು ವರ್ಷದ ಹಿಂದಿನ ರೇಟ್ ಪಟ್ಟಿ ಇದೆ, ಸಾಕಾ?

ಹರಿದು ಹಾಕಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18%ಗೆ ಇಳಿದಿದೆ. ಹೊಸದು ಇಳಿದಾಗ ಹಳೆಯದೂ ಇಳಿಯುತ್ತದೆ.

ಮೀಟರ್ ಹಿಂದಕ್ಕೆ ತಿರುಗಿಸುವವರ ನಂಬರ್ ಕೊಡ್ತೀರಾ?

ಅದು ವಂಚನೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಓದಿಕೊಳ್ಳಿ. ಇಂಥ ಪತ್ರ ಇನ್ನೊಮ್ಮೆ ಬರೆಯಬೇಡಿ.

ನಂಬರ್ ಕೂಡಿಸಿದರೆ 8 ಬರುವ ಗಾಡಿ ಬಿಡಬೇಕಾ?

ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತದೋ ಇಲ್ಲವೋ ಅದನ್ನು ನೋಡಿ.

ಮಾರಾಟ ಆಗುವ ತನಕ ಗಾಡಿಯನ್ನು ಮದುವೆ, ಜಾತ್ರೆಗೆ ಬಾಡಿಗೆ ಬಿಡಬಹುದಾ?

ಬಿಡಬೇಡಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದೇ ತಪ್ಪು, ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ಕೇಳುವುದು ಅದನ್ನೇ.