ಪ್ರಾರ್ಥನೆಗೆ ಹೆದರಿದ ಯುವಕ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಯಾದ ಈ ಯುವಕರ ಅಣ್ಣ ಸ್ಕಿಜೋಫ್ರೇನಿಯಾಕ್ಕೆ (ಇಲ್ಲದ ಧ್ವನಿ ಕೇಳಿಸುವ, ಹುಸಿ ನಂಬಿಕೆಗಳು ಗಟ್ಟಿಯಾಗುವ ಮನೋರೋಗ) ಚಿಕಿತ್ಸೆ ಪಡೆಯುತ್ತಿದ್ದಾರೆ. ದೇವರು ತನ್ನೊಬ್ಬನಿಗೇ ಅಪ್ಪಣೆ ಕೊಡುತ್ತಿದ್ದಾನೆಂದು ಅಣ್ಣ ಹಟ ಹಿಡಿದಾಗಲೇ ಕಾಯಿಲೆ ಮನೆಯವರ ಗಮನಕ್ಕೆ ಬಂದಿತ್ತು. ದೈವಭಕ್ತಿಗೂ ಮನೋರೋಗಕ್ಕೂ ಮಿದುಳಿನ ವಿಕಾಸದಲ್ಲಿ ಒಂದೇ ಬೇರು ಎಂಬರ್ಥದ ಬರಹಗಳನ್ನು ಓದಿದ ತಮ್ಮ, ಪ್ರಾರ್ಥನೆಯ ಹೊತ್ತಿನಲ್ಲಿ ಯಾರೋ ಆಲಿಸುತ್ತಿದ್ದಾರೆಂದು ತನಗಾಗುತ್ತಿದ್ದ ಅನುಭವವೂ ರೋಗದ ಮುನ್ಸೂಚನೆಯೆಂದು ಹೆದರಿದರು. ಪ್ರಾರ್ಥನೆ ಬಿಟ್ಟರು, ನಿದ್ದೆ ಕೆಟ್ಟಿತು. ಅವರು ತಂದಿದ್ದ ನೋಟುಪುಸ್ತಕದಲ್ಲಿ ತಾರೀಖುಗಳ ಎದುರು ‘ಕೇಳಿಸಿತೆ’, ‘ಅನ್ನಿಸಿತೆ’ ಎಂಬ ಎರಡು ಕಾಲಂಗಳಿದ್ದವು. ಮೊದಲನೆಯದರಲ್ಲಿ ಒಂದೇ ಒಂದು ಗುರುತೂ ಇರಲಿಲ್ಲ.

ಆ ಖಾಲಿ ಕಾಲಂನಿಂದಲೇ ನಾನು ಮಾತು ಆರಂಭಿಸಿದೆ: ಅವರಿಗೆ ಯಾವ ಧ್ವನಿಯೂ ಕೇಳಿಸಿರಲಿಲ್ಲ. ಅವರು ಓದಿದಂಥ ವಾದಗಳು ಇರುವುದು ನಿಜ. ಪೊದೆ ಅಲುಗಿದಾಗ ಅಲ್ಲಿ ಮೃಗವಿದೆಯೆಂದು ತಪ್ಪಾಗಿ ತಿಳಿದವನಿಗೆ ಆಗುವ ನಷ್ಟ ಅಲ್ಪ, ಇಲ್ಲವೆಂದು ತಪ್ಪಾಗಿ ತಿಳಿದವನಿಗೆ ಪ್ರಾಣವೇ ಹೋಗಬಹುದು. ಆದ್ದರಿಂದ ಎಲ್ಲೆಡೆ ಯಾರೋ ಇದ್ದಾರೆಂದು ಊಹಿಸುವ ಒಲವು ಮನುಷ್ಯನಲ್ಲಿ ಉಳಿದುಬಂದು, ಕಾಣದ ದೇವರ ನಂಬಿಕೆಗೆ ಅದು ನೆಲೆಯಾಯಿತೆಂದು ಜಸ್ಟಿನ್ ಬ್ಯಾರೆಟ್ ಅವರಂಥ ಮನೋವಿಜ್ಞಾನಿಗಳು ವಾದಿಸಿದ್ದಾರೆ. ಸ್ಕಿಜೋಫ್ರೇನಿಯಾವು ಭಾಷೆಗಾಗಿ ಮನುಷ್ಯ ತೆರುತ್ತಿರುವ ಬೆಲೆಯೇ ಎಂದು ಮನೋವೈದ್ಯ ಟಿಮ್ ಕ್ರೋ 1997ರಲ್ಲಿ ಕೇಳಿದ್ದರು. ಇವು ಇಡೀ ಮನುಷ್ಯಕುಲದ ಬಗೆಗಿನ ಊಹೆಗಳು. ಇವನ್ನು ರೋಗನಿರ್ಣಯದಂತೆ ಓದುವುದು ಸಲ್ಲದು. ವೇಲ್ಸ್‌ನಲ್ಲಿ ಡ್ಯೂಯಿ ರೀಸ್ ಎಂಬ ವೈದ್ಯರು ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ವಿಚಾರಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಜನ ಅಗಲಿದವರ ಇರವನ್ನು ಯಾವುದಾದರೊಂದು ಬಗೆಯಲ್ಲಿ ಅನುಭವಿಸಿದ್ದರು, ಅಷ್ಟಕ್ಕೇ ಅವರನ್ನು ಮನೋರೋಗಿಗಳೆನ್ನಲಾಗದು.

ಅಣ್ಣನ ಸ್ಥಿತಿ ಬೇರೆ. ವಾಹನಗಳ ಸಂಖ್ಯೆಗಳೂ ವಾರ್ತಾವಾಚಕರ ಮಾತೂ ತನಗೇ ಕಳಿಸಿದ ಸಂದೇಶವೆಂದು ಅವರಿಗೆ ಖಚಿತವಾಗಿತ್ತು. ಅದೇ ದೇವರನ್ನು ಪೂಜಿಸುವ ಮನೆಯವರಿಗೂ ಆ ನಂಬಿಕೆ ಅಪರಿಚಿತವಾಗಿತ್ತು. ತಮ್ಮನಲ್ಲಿದ್ದುದು ಸಂಶಯ, ಅದೂ ಅತಿಯಾದ ಸಂಶಯ. ನನ್ನ ಮಟ್ಟಿಗೆ ಅವರನ್ನು ಬಾಧಿಸುತ್ತಿದ್ದುದು ಆತಂಕ, ಭಕ್ತಿಯಲ್ಲ.

ಅಪಾಯವನ್ನು ಮುಚ್ಚಿಡಲಿಲ್ಲ. ಸಾಮಾನ್ಯವಾಗಿ 100ಕ್ಕೆ ಸುಮಾರು ಒಬ್ಬರಿಗೆ ಬರುವ ಈ ಕಾಯಿಲೆ ರೋಗಿಯ ಒಡಹುಟ್ಟಿದವರಲ್ಲಿ 100ಕ್ಕೆ ಸುಮಾರು 9 ಮಂದಿಗೆ ಬರಬಹುದು, ಉಳಿದವರಿಗೆ ಬರುವುದಿಲ್ಲ. ಒಮ್ಮೆ ಮನೋವೈದ್ಯರನ್ನು ಕಾಣಲು, ಗಾಂಜಾದಿಂದ ದೂರವಿರಲು, ನೋಟುಪುಸ್ತಕ ನಿಲ್ಲಿಸಲು ಹೇಳಿದೆ. ಪ್ರಾರ್ಥನೆ ಮಾಡುವುದೂ ಬಿಡುವುದೂ ಅವರ ಇಷ್ಟ, ಆದರೆ ಹೆದರಿ ಬಿಡುವುದು ಬೇಡವೆಂದೆ. ಧ್ವನಿ ನಿಜವಾಗಿ ಕೇಳಿಸಿದರೆ, ಅದು ಅಪ್ಪಣೆ ಕೊಟ್ಟರೆ, ಜನರ ಮೇಲೆ ಕಾರಣವಿಲ್ಲದ ಅನುಮಾನ ಬೆಳೆದರೆ ತಡಮಾಡದೆ ವೈದ್ಯರಲ್ಲಿಗೆ ಬರಬೇಕೆಂದೂ ತಿಳಿಸಿದೆ. ಅಣ್ಣನ ನಂಬಿಕೆಯನ್ನು ವಿಕಾಸವಾದದಿಂದ ಖಂಡಿಸಲು ಹೋಗದೆ, ಅವರ ಭಯವನ್ನೂ ನಿದ್ದೆಯನ್ನೂ ವಿಚಾರಿಸಬೇಕು. ದೇವರು ಮಾತ್ರೆ ಬೇಡವೆಂದನೆಂದು ಅವರು ಹೇಳಿದರೆ ಅಂದೇ ಅವರ ವೈದ್ಯರಿಗೆ ತಿಳಿಸಬೇಕು.